ಮುಚ್ಚಿ ತೆರೆದರೆ

ಐವತ್ತೆಂಟನೆಯ ಸಲ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಅವಳು ಬಟ್ಟಲಿಗೆ ಒಂದು ಬಟಾಣಿ ಕಾಳು ಹಾಕಿದಳು. ಇನ್ನು ಹತ್ತರವರೆಗೆ ಎಣಿಸಬೇಕು. ಅಂಚಿನ ಸಣ್ಣ ದೀಪ ಉಸಿರಾಡುವ ಹಾಗೆ ಮಿನುಗತೊಡಗಿದರೆ ಯಂತ್ರ ನಿದ್ದೆಗೆ ಜಾರಿತು ಎಂದರ್ಥ. ಆಮೇಲೆ ಎರಡು ಬೆರಳಲ್ಲಿ ಮುಚ್ಚಳದ ತುದಿ ಹಿಡಿದು ಮೆಲ್ಲಗೆ ಎತ್ತಬೇಕು. ಎತ್ತಿದಳು. ಪರದೆ ಬೆಳಗಿತು. ಬದುಕಿದೆ. ಅವಳಿಗೆ ಬೇಕಾಗಿದ್ದುದು ಅದು ಸಾಯುವುದು.

ಊಟದ ಮೇಜಿನ ಆಚೆ ಬದಿ ಕೂತು ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಇನ್ನೂ ಸತ್ತಿಲ್ವಾ?"

"ಇಲ್ಲ ಅತ್ತೆ."

"ಗಟ್ಟಿ ಜೀವ. ನನ್ನ ಹಾಗೆ."

ಮೂರು ವಾರದಿಂದ ಅವಳು ಬೆನ್ನು ಹತ್ತಿದ್ದುದು ಈ ಸಾವನ್ನೇ. ಅವಳ ಕಂಪನಿಯ ಎರಡು ಸಾವಿರ ಲ್ಯಾಪ್‌ಟಾಪುಗಳು ಒಂದು ದೊಡ್ಡ ಆಸ್ಪತ್ರೆಯ ವಾರ್ಡುಗಳಲ್ಲಿದ್ದವು. ನರ್ಸುಗಳು ಅವನ್ನು ತಳ್ಳುಗಾಡಿಯ ಮೇಲಿಟ್ಟುಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಾರೆ. ಒಬ್ಬ ರೋಗಿಯ ವಿವರ ಬರೆದು ಮುಚ್ಚುತ್ತಾರೆ, ಮುಂದಿನವರ ಬಳಿ ತೆರೆಯುತ್ತಾರೆ. ಕೆಲವು ಸಲ ತೆರೆದಾಗ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಅಷ್ಟು ಹೊತ್ತಿಗೆ ಬರೆದದ್ದೆಲ್ಲ ಹೋಗಿರುತ್ತದೆ. "ಮುಚ್ಚಿ ತೆರೆದರೆ ಸಾಯುತ್ತದೆ" ಎಂದು ಒಬ್ಬ ನರ್ಸು ದೂರಿನ ಹಾಳೆಯಲ್ಲಿ ಬರೆದಿದ್ದಳು. ಕೆಳಗೆ ಇನ್ನೊಂದು ಸಾಲು: "ನಿನ್ನೆ ಒಬ್ಬರಿಗೆ ಕೊಟ್ಟ ಔಷಧಿಯನ್ನೇ ಮತ್ತೆ ಕೊಡುವುದರಲ್ಲಿದ್ದೆ."

ಯಂತ್ರವನ್ನು ನಡೆಸುವ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಅದರಲ್ಲಿ ಮಲಗಿಸುವ, ಎಬ್ಬಿಸುವ ಭಾಗ ಹನ್ನೊಂದು ವರ್ಷದಿಂದ ಅವಳ ಕೈಯಲ್ಲಿತ್ತು. ಆದ್ದರಿಂದ ತಪ್ಪೂ ಅವಳದೇ ಎಂದು ಕಚೇರಿಯಲ್ಲಿ ಎಲ್ಲರೂ ಆಗಲೇ ತೀರ್ಮಾನಿಸಿದ್ದರು. ಇವತ್ತು ಮೂರು ಗಂಟೆಗೆ ಸಭೆ. ಅಷ್ಟರೊಳಗೆ ಕಾರಣ ಸಿಗದಿದ್ದರೆ ಆ ಭಾಗ ಹೊರಗಿನ ಒಂದು ಕಂಪನಿಗೆ, ಅವಳು ಕೈಪಿಡಿ ಬರೆಯುವ ವಿಭಾಗಕ್ಕೆ. "ನಿಮ್ಮ ಬರವಣಿಗೆ ಚೆನ್ನಾಗಿದೆಯಲ್ಲ ಮೇಡಂ" ಎಂದಿದ್ದ ಮುಖ್ಯಸ್ಥ. ಆ ಮಾತು ಮೂರು ದಿನದಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಕಚೇರಿಯಲ್ಲಿ ಮೂವತ್ತು ಯಂತ್ರಗಳನ್ನು ಸಾಲಾಗಿಟ್ಟು, ತಾವೇ ಮಲಗಿ ತಾವೇ ಏಳುವ ಹಾಗೆ ಮಾಡಿ, ಸಾವಿರ ಸಲ ಪರೀಕ್ಷಿಸಿದ್ದರು. ಒಂದೂ ಸಾಯಲಿಲ್ಲ. ಕೊನೆಗೆ ಒಂದನ್ನು ಮನೆಗೆ ತಂದು ಅವಳು ಕೈಯಿಂದಲೇ ಮುಚ್ಚಿ ತೆರೆಯಲು ಕೂತಿದ್ದಳು.

ಐವತ್ತೊಂಬತ್ತು. ಅರವತ್ತು. ಅರವತ್ತೊಂದು.

ಅರವತ್ತೆರಡನೆಯ ಸಲ ಮುಚ್ಚಿ ಕಾಳು ಹಾಕುವಷ್ಟರಲ್ಲಿ ಒಲೆಯ ಮೇಲೆ ಹಾಲು ಸುಯ್ಯೆಂದಿತು. ಓಡಿ ಹೋಗಿ ಇಳಿಸಿ, ಒಂದು ಕೈಯಲ್ಲಿ ಹಾಲಿನ ಪಾತ್ರೆ ಹಿಡಿದೇ ಬಂದು, ಇನ್ನೊಂದು ಕೈಯಿಂದ ಅವಸರದಲ್ಲಿ ಮುಚ್ಚಳ ಎತ್ತಿದಳು. ಪರದೆ ಕಪ್ಪು. ಕೀಲಿಮಣೆ ಒತ್ತಿದಳು. ಕಪ್ಪು. ಪಾತ್ರೆಯನ್ನು ಅಲ್ಲೇ ಮೇಜಿನ ಮೇಲೆ ಕುಕ್ಕಿ, "ಸತ್ತಿತು!" ಎಂದು ಕೂಗಿದಳು.

"ಒಳ್ಳೇದಾಯ್ತು" ಎಂದರು ಅತ್ತೆ, ಮನಸಾರೆ.

ನಿದ್ದೆಯಿಂದ ಏಳುವಾಗ ಸತ್ತ ಯಂತ್ರ ಯಾವ ಹೆಜ್ಜೆಯಲ್ಲಿ ಸತ್ತೆ ಎಂದು ಹೇಳಲಾರದು. ಹೇಳುವುದಕ್ಕೆ ಬೇಕಾದ ಪರದೆ ಆಗಿನ್ನೂ ಎದ್ದಿರುವುದಿಲ್ಲ. ಆ ಹೊತ್ತಿನಲ್ಲಿ ಬದುಕಿರುವುದು ಒಂದೇ, ಸ್ವಂತ ಪುಟ್ಟ ಬ್ಯಾಟರಿಯ ಮೇಲೆ ನಡೆಯುವ ಗಡಿಯಾರ. ಅದಕ್ಕೇ ಈ ಕೆಲಸದವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಯಂತ್ರ ಏಳುವಾಗ ಒಂದೊಂದು ಹೆಜ್ಜೆಗೂ ಗಡಿಯಾರದ ತಾರೀಕನ್ನೇ ಕೆಡಿಸುತ್ತಾ ಬರುವಂತೆ ಮಾಡುತ್ತಾರೆ. ಸತ್ತದ್ದನ್ನು ಮತ್ತೆ ಚಾಲೂ ಮಾಡಿದಾಗ ಯಾವ ತಪ್ಪು ತಾರೀಕು ಕಾಣುತ್ತದೋ ಅದು ಕೊನೆಯ ಹೆಜ್ಜೆಯ ಗುರುತು. ಕೂಡಲೇ ಬರೆದುಕೊಳ್ಳಬೇಕು.

ಗುಂಡಿ ಒತ್ತಿ ಹಿಡಿದು ಆರಿಸಿ, ಮತ್ತೆ ಚಾಲೂ ಮಾಡಿದಳು. ನೀಲಿ ಪುಟ ಬಂದು ನಿಂತಿತು: "ದಿನಾಂಕ ಸರಿಯಿಲ್ಲ. ಸರಿಪಡಿಸಿ." ಪೆನ್ನಿಗಾಗಿ ಕೈಯಾಡಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮುಖ್ಯಸ್ಥ. ಊಟದ ಕೋಣೆಯಲ್ಲಿ ಅವನ ಮಾತು ತುಂಡು ತುಂಡಾಗಿ ಕೇಳುತ್ತಿತ್ತು, ಕಿಟಕಿಗೆ ಹೋದಳು.

"ಮೇಡಂ, ಏನಾದ್ರೂ ಸಿಕ್ತಾ? ಮೇಲಿನವರು ನನ್ನ ಪ್ರಾಣ ತಿಂತಿದ್ದಾರೆ."

"ಈಗ್ಲೇ ಸಿಗೋದ್ರಲ್ಲಿತ್ತು. ಇಡಿ ಫೋನು."

ಒಂದೂವರೆ ನಿಮಿಷ. ವಾಪಸು ಬಂದಾಗ ಗಂಡ ಮೇಜಿನ ಬಳಿ ನಿಂತು ತೋಳಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಅವನು ಶಾಲೆಯಲ್ಲಿ ಉಪಮುಖ್ಯೋಪಾಧ್ಯಾಯ, ಇಡೀ ಶಾಲೆಯ ವೇಳಾಪಟ್ಟಿ ಹಾಕುವವನು. ಮನೆಯ ಐದು ಗಡಿಯಾರಗಳೂ ಅವನ ಕೈಯಲ್ಲಿ ಒಂದೇ ಹೆಜ್ಜೆ ಹಾಕುತ್ತಿದ್ದವು. ನೀಲಿ ಪುಟ ಇರಲಿಲ್ಲ.

"ತಾರೀಕು ಕೆಟ್ಟಿತ್ತು ಕಣೇ" ಎಂದ, ಸಂತೋಷದಿಂದ. "ಸರಿ ಮಾಡ್ದೆ."

ಅವಳು ಪರದೆಯತ್ತ ಬಗ್ಗಿದಳು. "ಏನಿತ್ತು ಅಲ್ಲಿ?"

"ಯಾವುದೋ ಹಳೇ ಇಸವಿ."

"ಯಾವ ಇಸವಿ? ಯಾವ ತಿಂಗಳು? ಗಂಟೆ ಎಷ್ಟು?"

"ತಪ್ಪು ತಾರೀಕನ್ನ ಯಾರಾದ್ರೂ ನೆನಪಿಟ್ಕೋತಾರೇನೇ?"

"ಮೂರು ವಾರ! ಮೂರು ವಾರದಿಂದ ಆ ಒಂದು ತಾರೀಕಿಗೆ ಕಾಯ್ತಾ ಇದ್ದೀನಿ ನಾನು. ನಿಮ್ಮನ್ನ ಯಾರು ಕೇಳಿದ್ರು? ಈ ಮನೇಲಿ ನಾನೊಂದು ವಸ್ತು ಇಟ್ಟು ಆ ಕಡೆ ತಿರುಗೋ ಹಾಗೇ ಇಲ್ವಾ?"

"ಅದೇ ಕೇಳ್ತು. ಸರಿಪಡಿಸಿ ಅಂತ ದೊಡ್ಡದಾಗಿ ಬರೆದಿತ್ತು." ಅವನ ಮುಖ ಸಣ್ಣದಾಯಿತು, ಆದರೆ ಬಾಯಿ ನಿಲ್ಲಲಿಲ್ಲ. "ಸಹಾಯ ಮಾಡೋಕೆ ಹೋದ್ರೆ ಹೀಗೆ. ಇನ್ನೊಂದ್ಸಲ ಸಾಯಿಸು, ಅದಕ್ಕೇನು?"

ಅವಳು ಬಟ್ಟಲನ್ನು ಎತ್ತಿ ಗೋಡೆಗೆ ಎಸೆದಳು. ಅರವತ್ತೆರಡು ಕಾಳುಗಳು ಕೋಣೆಯ ತುಂಬ ಚೆಲ್ಲಿದವು. ಒಂದು ಪುಟಿದು ಹೋಗಿ ಗಂಡನ ಬೂಟಿನ ಒಳಗೆ ಬಿತ್ತು. ಗಂಡ ಬೂಟು ಕೊಡವಿ, ಹಾಕಿಕೊಂಡು, ಬಾಗಿಲನ್ನು ತುಂಬ ಮೆತ್ತಗೆ ಎಳೆದುಕೊಂಡು ಹೋದ. ಆ ಮೆತ್ತಗೆ ಎಳೆದದ್ದು ಅವಳನ್ನು ಇನ್ನೂ ಉರಿಸಿತು.

"ಚಿಕ್ಕವನಿದ್ದಾಗ್ಲೂ ಹಾಗೇ" ಎಂದರು ಅತ್ತೆ, ಕೂತಲ್ಲಿಂದಲೇ. "ಪಕ್ಕದ ಮನೆಗೆ ಆಡೋಕೆ ಕಳಿಸಿದ್ರೆ ಅವರ ಗೋಡೆ ಗಡಿಯಾರ ಸರಿ ಮಾಡಿ ಬರ್ತಿದ್ದ. ಹೋಗು, ಸ್ನಾನ ಮಾಡ್ಕೊಂಡು ಬಾ. ಅಲ್ಲಿವರೆಗೆ ಅದನ್ನ ನಾನು ಮುಚ್ಚಿ ತೆಗೀತೀನಿ."

"ನಿಮಗೆ ಬರಲ್ಲ ಅತ್ತೆ."

"ಐವತ್ತು ವರ್ಷದಿಂದ ಮುಚ್ಚಳ ತೆಗೆದು ಹಾಕೋದೇ ನನ್ನ ಕೆಲಸ. ಇದಕ್ಕೇನು ಬೇರೆ ಓದು ಬೇಕಾ?"

ಗಡಿಯಾರದ ಉಪಾಯವನ್ನು ಮತ್ತೆ ಅಣಿ ಮಾಡಿಟ್ಟು ಅವಳು ಬಚ್ಚಲಿಗೆ ಹೋದಳು. ನೀರು ಸುರಿದುಕೊಳ್ಳುತ್ತಾ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. ಗಂಡನ ಮೇಲೆ ಎನ್ನುವುದು ಸುಲಭ. ಅವನು ಸುಳ್ಳು ಹೇಳುವವನಲ್ಲ, ಕೈಯೆತ್ತುವವನಲ್ಲ, ಕೇಳದೆ ಸರಿ ಮಾಡುವವನು ಅಷ್ಟೇ. ಅವಳ ಕಪಾಟಿನ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದ. ಅವಳು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಪೂರ್ತಿ ಮಾಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನು ಹೀಗೆ ಸರಿ ಮಾಡಿ ಅಳಿಸಿಬಿಟ್ಟ ಗುರುತುಗಳು ಇನ್ನೆಷ್ಟೋ. ಯಾವುದಕ್ಕೂ ಅವಳು ಬಟ್ಟಲು ಎಸೆದಿರಲಿಲ್ಲ.

ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ ಅತ್ತೆ ಎರಡೂ ಕೈ ಮೇಲೆತ್ತಿಕೊಂಡು ಕೂತಿದ್ದರು.

"ನಾನೇನೂ ಮಾಡ್ಲಿಲ್ಲ ಕಣೇ. ಏಳನೇ ಸಲಕ್ಕೇ ಕಣ್ಣು ಮುಚ್ಚಿಬಿಡ್ತು."

"ಏಳಕ್ಕೇ?"

"ಮುಟ್ಟಿಲ್ಲ ಆಮೇಲೆ. ಗಡಿಯಾರದ ಕಡೆ ನೋಡ್ಲೂ ಇಲ್ಲ."

ಈ ಸಲ ಅವಳು ಪೆನ್ನನ್ನು ಹಲ್ಲಲ್ಲಿ ಕಚ್ಚಿಕೊಂಡೇ ಗುಂಡಿ ಒತ್ತಿದಳು. ನೀಲಿ ಪುಟ ಬಂತು. ಸಾವಿರದ ಒಂಬೈನೂರ ಎಪ್ಪತ್ತೊಂದು, ನವೆಂಬರ್ ಒಂಬತ್ತು, ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಅಂಗೈ ಮೇಲೆ ಬರೆದುಕೊಂಡಳು.

ಅತ್ತೆ ಕನ್ನಡಕ ಸರಿಮಾಡಿಕೊಂಡು ಇಣುಕಿದರು. "ಎಪ್ಪತ್ತೊಂದಾ? ನನ್ನ ಮದುವೆ ವರ್ಷ. ಆಗ ನಾನೂ ಹಿಂಗೇ ನಿಂತುಹೋದೆ, ಯಾರೂ ತಾರೀಕು ಬರ್ಕೊಳ್ಳಲಿಲ್ಲ."

ತಾರೀಕನ್ನು ತನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಯಂತ್ರದ ಭಾಗಗಳ ಪಟ್ಟಿಯ ಜೊತೆ ತಾಳೆ ನೋಡಿದಾಗ ಮೂರು ಭಾಗಗಳ ಹೆಸರು ಹೊರಬಿದ್ದವು. ಎರಡು ಈ ಯಂತ್ರದಲ್ಲಿ ಇರಲೇ ಇಲ್ಲ. ಉಳಿದದ್ದು ಟಚ್‌ಪ್ಯಾಡ್, ಬೆರಳಾಡಿಸುವ ಆ ಚೌಕ. ಅವಳು ಹುಬ್ಬು ಗಂಟಿಕ್ಕಿ ಕೂತಳು. ಮೂವತ್ತು ಯಂತ್ರ, ಸಾವಿರ ಸಲ, ಒಂದೂ ಸಾಯಲಿಲ್ಲ. ಇಲ್ಲಿ ಏಳಕ್ಕೆ. ಯಂತ್ರವನ್ನು ಮತ್ತೆ ಚಾಲೂ ಮಾಡಿ, ಮುಚ್ಚಿ, ಅತ್ತೆಯ ಕಡೆ ತಳ್ಳಿದಳು.

"ಅತ್ತೆ, ನೀವು ಹೇಗೆ ತೆಗೆದ್ರಿ? ಇನ್ನೊಂದ್ಸಲ ತೆಗೀರಿ."

"ಆರು ಸಲ ನಿನ್ನ ಹಾಗೇ ತೆಗೆದೆ, ಏಳನೇದು ಹೀಗೆ" ಎಂದು ಅತ್ತೆ ಒಂದು ಕೈಯಲ್ಲಿ ಬಟಾಣಿ ಸಿಪ್ಪೆ ಹಿಡಿದುಕೊಂಡೇ ಇನ್ನೊಂದರಿಂದ ತೆಗೆದರು. ಡಬ್ಬಿಯ ಬಿಗಿಯಾದ ಮುಚ್ಚಳ ಬಿಡಿಸುವ ಹಾಗೆ, ನಾಲ್ಕು ಬೆರಳು ಮೇಲಕ್ಕೆ ತಳ್ಳಿದವು, ಹೆಬ್ಬೆರಳು ಒಳಗೆ ನುಗ್ಗಿ ಆ ಚೌಕದ ಮೇಲೆ ಊರಿ ನಿಂತಿತು. ಪರದೆ ಕಪ್ಪು.

ಅವಳು ತಾನು ಹಾಲಿನ ಪಾತ್ರೆ ಹಿಡಿದುಕೊಂಡು ಬಂದದ್ದನ್ನು ನೆನೆದಳು. ಒಂದು ಕೈಯಲ್ಲಿ ಔಷಧಿಯ ತಟ್ಟೆ ಹಿಡಿದ ನರ್ಸನ್ನು ನೆನೆದಳು. ಯಂತ್ರಗಳನ್ನು ಮಾಡುವವರೆಲ್ಲ ಎರಡೂ ಕೈ ಖಾಲಿ ಇರುವವರು. ತುದಿ ಹಿಡಿದು ನಾಜೂಕಾಗಿ ಎತ್ತುತ್ತಾರೆ. ತಾವೇ ಏಳುವ ಮೂವತ್ತು ಯಂತ್ರಗಳ ಮೇಲಂತೂ ಒಂದು ಬೆರಳೂ ಇರಲಿಲ್ಲ.

ಉಳಿದದ್ದು ಅರ್ಧ ಗಂಟೆಯ ಕೆಲಸ. ಕರ್ನಲ್‌ನಲ್ಲಿ ಏಳುವುದಕ್ಕೊಂದು ಸರದಿಯಿದೆ. ಆ ಕೆಲಸದವರು ತಾಯಿ, ಮಗು ಎಂದೇ ಅದನ್ನು ಹೇಳುತ್ತಾರೆ. ಮೊದಲು ತಾಯಿ ಏಳಬೇಕು, ಆಮೇಲೆ ಮಗು. ಟಚ್‌ಪ್ಯಾಡಿನ ಸುದ್ದಿಯನ್ನು ಒಳಗೆ ಒಯ್ಯುವ ತಂತಿದಾರಿ ಅದರ ತಾಯಿ. ಯಾರೋ ಮಗುವನ್ನು ಮೊದಲು ಎಬ್ಬಿಸಿದ್ದರು, ಪರದೆ ಬೆಳಗುವಷ್ಟರಲ್ಲಿ ಬಾಣದ ಗುರುತು ಆಡಲಿ ಎಂದು. ಬೆರಳು ತಾಗಿದೊಡನೆ ಮಗು ಕೂಗುತ್ತದೆ, ತಾಯಿ ಇನ್ನೂ ಎದ್ದಿಲ್ಲ, ಇಡೀ ಮನೆ ಬೀಳುತ್ತದೆ.

ಯಾರು ಎಂದು ಬದಲಾವಣೆಗಳ ದಾಖಲೆ ತೆರೆದಳು. ಎಂಟು ತಿಂಗಳ ಹಿಂದಿನದು. ಬರೆದವನು ಮುಖ್ಯಸ್ಥ. ಅದು ಅವಳಿಗೆ ನೆನಪಿತ್ತು. ಅವನು ತೋರಿಸಿದಾಗ "ಇದು ತಾಯಿಗಿಂತ ಮೊದಲು ಮಗುವನ್ನು ಎಬ್ಬಿಸುತ್ತದೆ, ನನ್ನ ಒಪ್ಪಿಗೆಯಿಲ್ಲ" ಎಂದು ಬರೆದು ವಾಪಸು ಕಳಿಸಿದ್ದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು. ಅವನು ಅದನ್ನು ಒಳಗೆ ಸೇರಿಸಿದ್ದು ಅವಳು ಎರಡು ದಿನ ರಜೆಯಲ್ಲಿದ್ದಾಗ, ಅತ್ತೆಯ ಕಣ್ಣಿನ ಆಪರೇಷನ್ ದಿನ. ಕೆಳಗೆ, ರೂಢಿಯಂತೆ ಒಂದು ಸಾಲು: "ನೋಡಿ ಒಪ್ಪಿದವರು." ಅದರ ಮುಂದೆ ಅವಳ ಹೆಸರು.

ಎರಡು ಸಲ ಓದಿದಳು. ಬೆಳಿಗ್ಗೆ ಎಸೆದ ಬಟ್ಟಲು ಈಗ ಕೈಯಲ್ಲಿ ಇರಬೇಕಿತ್ತು.

"ಏನಾಯ್ತೇ? ಮುಖ ಯಾಕೆ ಹಾಗೆ?" ಎಂದರು ಅತ್ತೆ.

"ಸಿಕ್ತು ಅತ್ತೆ."

"ಸಿಕ್ಕಿದ್ರೆ ನಗಬೇಕಲ್ವಾ?"

*

ಸಭೆಗೆ ಅರ್ಧ ಗಂಟೆ ಮುಂಚೆ ಮುಖ್ಯಸ್ಥನ ಗಾಜಿನ ಕೋಣೆಯಲ್ಲಿ ಅವಳು ಹೆಬ್ಬೆರಳು ಊರಿ ಯಂತ್ರವನ್ನು ಮೂರು ಸಲ ಸಾಯಿಸಿ ತೋರಿಸಿದಳು. ಅವನು ಕುರ್ಚಿಯಿಂದ ಎದ್ದುಬಿಟ್ಟ.

"ಅಕ್ಕಾ! ನೀವು ಬಿಡಿ, ನಿಮ್ಮಂಥವರು ಇನ್ನೊಬ್ಬರಿಲ್ಲ."

ಏಳು ವರ್ಷದ ಹಿಂದೆ ಅವನು ಹೊಸಬನಾಗಿ ಬಂದಾಗ ಕೆಲಸ ಕಲಿಸಿದವಳು ಅವಳೇ. ಆಗ ಅವನಿಗೆ ಅವಳು ಅಕ್ಕ, ಅವಳಿಗೆ ಅವನು ನೀನು. ಮುಖ್ಯಸ್ಥನಾದ ದಿನದಿಂದ ಅವನು ಮೇಡಂ ಎನ್ನತೊಡಗಿದ, ಅವಳು ನೀವು ಎನ್ನತೊಡಗಿದಳು. ಏನಾದರೂ ಆಗಬೇಕಾದಾಗ ಮಾತ್ರ ಅಕ್ಕ ವಾಪಸು ಬರುತ್ತಿದ್ದಳು.

"ನನ್ನ ಹೆಸರು ಅಲ್ಲಿಗೆ ಹೇಗೆ ಬಂತು?" ಎಂದಳು.

ಅವನು ಗಾಜಿನಾಚೆ ನೋಡಿದ. "ಅವತ್ತು ನೀವು ಇರಲಿಲ್ಲ. ಯಾರದಾದ್ರೂ ಒಂದು ಹೆಸರು ಬೇಕಿತ್ತು, ಇಲ್ಲದಿದ್ರೆ ಒಳಗೆ ಹೋಗ್ತಿರಲಿಲ್ಲ. ನಿಮ್ಮದು ಹಾಕಿದ್ರೆ ಯಾರೂ ಪ್ರಶ್ನೆ ಕೇಳಲ್ಲ. ಗೌರವಕ್ಕೇ ಹಾಕಿದ್ದು ಅಂದ್ಕೊಳ್ಳಿ."

"ಗೌರವ."

"ಅಕ್ಕಾ, ಕೇಳಿ ಇಲ್ಲಿ. ಸರಿಪಡಿಸಿದ್ದನ್ನ ಸಂಜೆ ಆರಕ್ಕೆ ಮುಂಚೆ ಕಳಿಸಿ. ಆದ್ರೆ 'ಯಾವುದರಿಂದ ಕೆಟ್ಟಿತು' ಅನ್ನೋ ಸಾಲು ಬೇಡ. ಸುಮ್ನೆ 'ಏಳುವ ಸರದಿ ಸುಧಾರಿಸಲಾಗಿದೆ' ಅಂತಿರಲಿ. ನಿದ್ದೆ ಭಾಗ ನಿಮ್ಮ ಹತ್ರಾನೇ ಇರುತ್ತೆ, ಅದು ನನ್ನ ಜವಾಬ್ದಾರಿ." ದನಿ ತಗ್ಗಿಸಿ, "ಆ ಸಾಲು ಬಂದ್ರೆ ಎಲ್ಲರೂ ಹಳೇದನ್ನ ತೆಗೆದು ನೋಡ್ತಾರೆ. ಅದರಲ್ಲಿ ನಾನೊಬ್ಬನೇ ಅಲ್ಲವಲ್ಲ ಇರೋದು."

"ನಿನಗೆ ನಾಚಿಕೆ ಆಗಲ್ವೇನೋ?"

ನೀನು ಎಂಬುದು ಬಾಯಿಂದ ತಾನಾಗಿ ಬಿದ್ದಿತ್ತು. ಇಬ್ಬರಿಗೂ ಕೇಳಿಸಿತು. ಅವನು ಕಿವಿ ಕೆಂಪಾಗಿ, "ಸಭೆಗೆ ಹೊತ್ತಾಯ್ತು ಮೇಡಂ" ಎಂದ.

ಸಭೆಯಲ್ಲಿ ಅವನೇ ಮಾತಾಡಿದ. ತೊಂದರೆ ಪತ್ತೆಯಾಗಿದೆ. ಟಚ್‌ಪ್ಯಾಡು ಸ್ವಲ್ಪ ಸೂಕ್ಷ್ಮ. ಜೊತೆಗೆ ಆಸ್ಪತ್ರೆಯವರು ಯಂತ್ರವನ್ನು ಸರಿಯಾದ ರೀತಿಯಲ್ಲಿ ತೆರೆಯುತ್ತಿಲ್ಲ. ಎರಡು ಬೆರಳಲ್ಲಿ ತುದಿ ಹಿಡಿದು ಹೇಗೆ ಎತ್ತಬೇಕೆಂದು ಒಂದು ಚಿತ್ರಪಟ ಮಾಡಿ ವಾರ್ಡುಗಳಲ್ಲಿ ಅಂಟಿಸಬಹುದು. ದೊಡ್ಡವರು ತಲೆಯಾಡಿಸಿದರು. ಒಬ್ಬರು, "ನರ್ಸುಗಳಿಗೆ ಎಲ್ಲಾ ಹೇಳ್ಕೊಡಬೇಕು" ಎಂದು ನಕ್ಕರು. ಅವಳು ಮೇಜಿನ ಕೆಳಗೆ ಅಂಗೈ ಬಿಡಿಸಿ ನೋಡಿದಳು. ಬೆವರಿಗೆ ಎಪ್ಪತ್ತೊಂದು ಕಲಸಿಹೋಗಿತ್ತು. ಏನಾದರೂ ಹೇಳುವುದಿದೆಯೇ ಎಂದು ಯಾರೋ ಕೇಳಿದರು. ಬಾಯಿ ತೆರೆದರೆ ಕಿರುಚಿಬಿಡುತ್ತೇನೆ ಎನಿಸಿತು; ಕಿರುಚಿದ ಹೆಂಗಸಿನ ಮಾತನ್ನು ಆ ಕೋಣೆಯಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ ಎಂಬುದು ಹನ್ನೊಂದು ವರ್ಷದಲ್ಲಿ ಅವಳು ಕಂಡದ್ದೇ. "ಬರೆದು ಕಳಿಸ್ತೀನಿ" ಎಂದಳು.

*

ಐದೂವರೆಗೆ ಅತ್ತೆ ಮತ್ತೆ ಅದೇ ಜಾಗದಲ್ಲಿ ಕೂತಿದ್ದರು. ಸರಿಪಡಿಸಿದ ಯಂತ್ರ ಅವರ ಮುಂದೆ, ಪಕ್ಕದಲ್ಲಿ ಬಟ್ಟಲು. ಬದಲಾಯಿಸಿದ್ದು ಹೆಚ್ಚೇನೂ ಇಲ್ಲ, ಎರಡು ಸಾಲುಗಳನ್ನು ಸ್ವಲ್ಪ ಕೆಳಗೆ ಸರಿಸಿದ್ದು. ಅತ್ತೆ ಹೆಬ್ಬೆರಳು ಊರಿ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು, ಕಾಳು ಹಾಕುತ್ತಿದ್ದರು.

"ಎಪ್ಪತ್ತಾಯ್ತು. ಸಾಯೋ ಹಾಗೆ ಕಾಣಲ್ಲ."

"ನೂರರವರೆಗೆ ಮಾಡಿ."

ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಆ ಬದಲಾವಣೆಯ ಜೊತೆ ಹೋಗುವ ಟಿಪ್ಪಣಿ ಬರೆಯುತ್ತಿದ್ದಳು. ಒಮ್ಮೆ ಒಳಗೆ ಸೇರಿದ ಟಿಪ್ಪಣಿಯನ್ನು ಅವರ ಪದ್ಧತಿಯಲ್ಲಿ ಯಾರೂ ಅಳಿಸುವ ಹಾಗಿಲ್ಲ. ಮೇಲೆ ಇನ್ನೊಂದು ಬರೆಯಬಹುದು, ಅಷ್ಟೇ. ಯಂತ್ರ ಹೇಗೆ ಸಾಯುತ್ತದೆ, ಯಾಕೆ ಸಾಯುತ್ತದೆ ಎಂದು ಬರೆದಳು. "ತೆರೆಯುವ ರೀತಿಯಲ್ಲಿ ತಪ್ಪಿಲ್ಲ" ಎಂದು ಬರೆದಳು. ಮುಂದೆ ಖಾಲಿ ಸಾಲು. ಕರ್ಸರ್ ಅಲ್ಲೇ ಮಿಟುಕುತ್ತಿತ್ತು. ಬಿಟ್ಟರೆ ಹನ್ನೊಂದು ವರ್ಷದ ಕೆಲಸ ಉಳಿಯುತ್ತದೆ. ಬರೆದರೆ ಕೈಪಿಡಿ, ಅದೂ ಸಿಕ್ಕರೆ.

ಫೋನು ಬೆಳಗಿತು. "ಅಕ್ಕಾ, ಆಯ್ತಾ? ಆ ಸಾಲು ನೆನಪಿರಲಿ." ಅದನ್ನು ಬೋರಲು ಹಾಕಿದಳು.

"ಯಾವುದರಿಂದ ಕೆಟ್ಟಿತು" ಎಂದು ಬರೆದು, ಎಂಟು ತಿಂಗಳ ಹಿಂದಿನ ಬದಲಾವಣೆಯ ಸಂಖ್ಯೆಯನ್ನು ಒಂದೊಂದೇ ಅಂಕಿ ನೋಡಿ ಹಾಕಿದಳು. ಅದರ ಕೆಳಗೆ: "ಅದರಲ್ಲಿ ಒಪ್ಪಿದವರೆಂದು ನನ್ನ ಹೆಸರಿದೆ. ನಾನು ಒಪ್ಪಿರಲಿಲ್ಲ." ಅವತ್ತು ತಾನು ಕಳಿಸಿದ್ದ ಉತ್ತರವನ್ನು ತಾರೀಕಿನ ಸಮೇತ ಹಾಗೇ ಎತ್ತಿ ಸೇರಿಸಿದಳು. ಸಿಟ್ಟು ಇನ್ನೂ ಇತ್ತು, ಆದರೆ ಈಗ ಅದಕ್ಕೆ ಕೂರಲು ಒಂದು ಜಾಗ ಸಿಕ್ಕಿದ ಹಾಗಿತ್ತು.

ಇನ್ನೊಂದು ಸಾಲು ಉಳಿದಿತ್ತು: "ಪರೀಕ್ಷಿಸಿದವರು."

"ಅತ್ತೆ, ನಿಮ್ಮ ಹೆಸರು ಪೂರ್ತಿ ಹೇಗೆ ಬರೀತೀರಿ?"

"ಯಾಕೆ, ಆಸ್ತಿ ಬರ್ಕೊಡ್ತೀಯಾ?"

"ಸುಮ್ನೆ ಹೇಳಿ."

ಅತ್ತೆ ತಮ್ಮ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿ ಹೇಳಿದರು. ಮುಚ್ಚಳದ ಮೇಲೆ ಕೈಯಿಟ್ಟು, "ಮದುವೆಗೆ ಮುಂಚೆ ಬೇರೆ ಇತ್ತು" ಎಂದು ಅದನ್ನೂ ಹೇಳಿದರು. ಅವಳು ಎರಡನೆಯದನ್ನು ಬರೆದಳು.

ಬಾಗಿಲು ತೆರೆದುಕೊಂಡಿತು. ಗಂಡ ಚೀಲ ಕೆಳಗಿಟ್ಟು, ಇಬ್ಬರ ಮುಖವನ್ನೂ ನೋಡಿ, ಅತ್ತೆಯ ಮುಂದಿದ್ದ ಪರದೆಯ ಕಡೆ ಬಗ್ಗಿದ. ಮೂಲೆಯಲ್ಲಿ ಇವತ್ತಿನದಲ್ಲದ ಯಾವುದೋ ತಾರೀಕು ಇತ್ತು. ಅವನ ಕೈ ಮುಂದೆ ಬಂತು. ನಡುವೆಯೇ ನಿಂತಿತು.

"ಇದನ್ನ..." ಎಂದ.

"ಬೇಡ ರೀ. ಹಾಗೇ ಇರಲಿ."

ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಕೆಲಸ ಆಯ್ತಾ?"

"ಆಯ್ತು" ಎಂದಳು, ಕಳಿಸುವ ಗುಂಡಿ ಒತ್ತುತ್ತಾ. ಗೋಡೆಯ ಗಡಿಯಾರದಲ್ಲಿ ಆರಕ್ಕೆ ನಾಲ್ಕು ನಿಮಿಷವಿತ್ತು.

ಅತ್ತೆ ಮುಚ್ಚಳ ಮುಚ್ಚಿದರು. ಅಂಚಿನ ದೀಪ ಮಿನುಗುವವರೆಗೆ ಕಾದರು. ಆಮೇಲೆ ನಾಲ್ಕು ಬೆರಳಿಂದ ಮೇಲಕ್ಕೆ ತಳ್ಳಿ, ಹೆಬ್ಬೆರಳನ್ನು ಒಳಗೆ ಬಲವಾಗಿ ಊರಿ, ತೆರೆದರು. ಪರದೆ ಬೆಳಗಿತು.

"ಎಂಬತ್ತಮೂರು" ಎನ್ನುತ್ತಾ ಬಟ್ಟಲಿಗೆ ಒಂದು ಕಾಳು ಹಾಕಿದರು.